ಊರಿಂದೂರಿಗೆ ಹೋಗುವ ನಾಟಕದ ರಂಗ ನಿರ್ವಹಣೆ: ಕ್ಯೂ ಪುಸ್ತಕ ಮತ್ತು ಅದರ ಸುತ್ತಲಿನ ಸಲಕರಣೆಗಳು

ಹಾಸನದ ನಾಟಕ ತಂಡವೊಂದರಲ್ಲಿ ರಂಗ ನಿರ್ವಹಣೆ ನನ್ನ ಕೆಲಸ. ಹೊಸದಾಗಿ ಈ ಕೆಲಸಕ್ಕೆ ಬರುವವರು ಮೊದಲು ಕೇಳುವುದು ಯಾವ ಸಾಫ್ಟ್‌ವೇರ್ ಬಳಸುತ್ತೀರಿ ಎಂದು. ಅದಕ್ಕೆ ಉತ್ತರ ಹೇಳುವ ಮೊದಲು ನಮ್ಮ ಪರಿಸ್ಥಿತಿಯನ್ನು ವಿವರಿಸಬೇಕಾಗುತ್ತದೆ. ಒಮ್ಮೆ ಹಾಸನಾಂಬ ಕಲಾಕ್ಷೇತ್ರದಲ್ಲಿ ಆಡಿದ ನಾಟಕವನ್ನು ಮತ್ತೊಮ್ಮೆ ಚಿಕ್ಕಮಗಳೂರಿನ ಕುವೆಂಪು ಕಲಾಮಂದಿರದಲ್ಲಿ, ಮಗದೊಮ್ಮೆ ಸಕಲೇಶಪುರದ ಕಡೆಯ ಯಾವುದೋ ಸಮುದಾಯ ಭವನದಲ್ಲಿ ಅಥವಾ ಅರಕಲಗೂಡಿನ ಕಡೆಯ ಶಾಲೆಯ ಬಯಲಿನಲ್ಲಿ ಆಡುತ್ತೇವೆ. ಬೆಳಕೂ ಧ್ವನಿಯೂ ಬಾಡಿಗೆಯವು. ಬಹಳ ಕಡೆ ಬೆಳಕಿನ ಬೋರ್ಡಿನ ಮುಂದೆ ಕೂರುವವರು ನಮ್ಮ ನಾಟಕವನ್ನು ಅಂದೇ ಮೊದಲ ಬಾರಿಗೆ ನೋಡುತ್ತಿರುತ್ತಾರೆ. ಸಲಕರಣೆ, ವೇದಿಕೆ, ನಿರ್ವಾಹಕರು ಎಲ್ಲವೂ ಬದಲಾಗುವಾಗ ಬದಲಾಗದೆ ನಮ್ಮೊಂದಿಗೆ ಬರುವುದು ಕ್ಯೂ ಪುಸ್ತಕವೊಂದೇ. ಕ್ಯೂ ಎಂದರೆ ಬೆಳಕು, ಧ್ವನಿ, ನಟರ ಪ್ರವೇಶ ಯಾವ ಕ್ಷಣದಲ್ಲಿ ಆಗಬೇಕೆಂಬ ಸೂಚನೆ; ಅವನ್ನೆಲ್ಲ ಗುರುತು ಹಾಕಿಟ್ಟ ನಾಟಕದ ಪ್ರತಿಯೇ ಈ ಪುಸ್ತಕ. ಆದುದರಿಂದ ಯಾವುದೇ ತಂತ್ರಜ್ಞಾನವನ್ನು ನಾನು ಅಳೆಯುವುದು ಎರಡು ಪ್ರಶ್ನೆಗಳಿಂದ: ಅದು ಆ ಪುಸ್ತಕಕ್ಕೆ ಅಧೀನವಾಗಿ ಕೆಲಸ ಮಾಡುತ್ತದೆಯೇ, ಮತ್ತು ಅದು ನಡುವೆ ನಿಂತುಹೋದರೆ ಕೈಯಿಂದಲೇ ನಾಟಕ ಮುಂದುವರಿಸಲು ಸಾಧ್ಯವೇ.

ಪುಸ್ತಕವನ್ನು ತಯಾರಿಸುವ ಹಂತದಲ್ಲಿ ಕಂಪ್ಯೂಟರಿನ ಉಪಯೋಗ ಬಹಳ ದೊಡ್ಡದು. ನಮ್ಮ ಹಳೆಯ ನಾಟಕಗಳ ಪ್ರತಿಗಳು ಹೆಚ್ಚಾಗಿ ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ, ಎಂದರೆ ಯೂನಿಕೋಡ್ ಅಲ್ಲದ ರೂಪದಲ್ಲಿ, ಬೆರಳಚ್ಚಾಗಿವೆ. ಅಂಥ ಕಡತವನ್ನು ನಟರ ಮೊಬೈಲಿಗೆ ಕಳುಹಿಸಿದರೆ ಅಲ್ಲಿ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಮಾತ್ರ. ಅದನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಂಡರೆ ಒಂದು ಮಾತನ್ನು ಹುಡುಕುವುದು, ಒಂದು ಪಾತ್ರದ ಎಲ್ಲ ಪ್ರವೇಶಗಳನ್ನು ಪಟ್ಟಿ ಮಾಡುವುದು, ಯಾವ ಪರಿಕರ ಯಾವ ದೃಶ್ಯದಲ್ಲಿ ಬರುತ್ತದೆಂದು ತೆಗೆಯುವುದು ನಿಮಿಷಗಳ ಕೆಲಸವಾಗುತ್ತದೆ. ಆದರೆ ಪರಿವರ್ತಕಗಳು ಅರ್ಕಾವೊತ್ತು ಮತ್ತು ಒತ್ತಕ್ಷರಗಳಲ್ಲಿ ಎಡವುತ್ತವೆ. ಹೀಗಾಗಿ ಹಳೆಯ ಮುದ್ರಿತ ಪ್ರತಿಯನ್ನು ಒಬ್ಬರು ಗಟ್ಟಿಯಾಗಿ ಓದುತ್ತಿರುವಾಗ ಇನ್ನೊಬ್ಬರು ಪರದೆಯ ಮೇಲೆ ನೋಡಿ ತಿದ್ದುವುದು ಅನಿವಾರ್ಯ. ತಿದ್ದಿದ ಮೇಲೆ ಪಿಡಿಎಫ್ ಮಾಡಿಯೇ ಹಂಚಬೇಕು. ವರ್ಡ್ ಕಡತ ಒಂದೊಂದು ಫೋನಿನಲ್ಲಿ ಒಂದೊಂದು ರೀತಿ ಪುಟ ಒಡೆಯುವುದರಿಂದ, ತಾಲೀಮಿನಲ್ಲಿ ನಿರ್ದೇಶಕರು ಹದಿನೆಂಟನೆಯ ಪುಟ ಎಂದರೆ ಅರ್ಧ ತಂಡ ಹತ್ತೊಂಬತ್ತರಲ್ಲಿರುತ್ತದೆ. ಕಡತದ ಹೆಸರಿನಲ್ಲಿ ಮೊದಲು ವರ್ಷ, ಅನಂತರ ತಿಂಗಳು, ಕೊನೆಗೆ ದಿನ ಎಂಬ ಕ್ರಮದಲ್ಲಿ ತಾರೀಖು ಹಾಕಿದರೆ ಹೊಸ ಪ್ರತಿ ಯಾವಾಗಲೂ ಪಟ್ಟಿಯ ತುದಿಯಲ್ಲಿ ಸಿಗುತ್ತದೆ. ‘ಕೊನೆಯ ಪ್ರತಿ’ ಎಂದು ಹೆಸರಿಟ್ಟ ಕಡತವು ಕೊನೆಯದಾಗಿದ್ದುದನ್ನು ನಾನಂತೂ ಕಂಡಿಲ್ಲ.

ಪ್ರದರ್ಶನದ ಹೊತ್ತಿಗೆ ಮಾತ್ರ ಪುಸ್ತಕ ಕಾಗದದ್ದೇ ಆಗಿರಬೇಕೆಂಬುದು ನನ್ನ ನಿಲುವು. ಟ್ಯಾಬ್ಲೆಟ್ ಬಳಸುವ ಗೆಳೆಯರಿದ್ದಾರೆ. ಅದರ ಅನುಕೂಲಗಳನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸೈಡ್‌ವಿಂಗಿನ, ಎಂದರೆ ವೇದಿಕೆಯ ಪಕ್ಕದ ಮರೆಯ, ಕತ್ತಲಲ್ಲಿ ಆ ಪರದೆಯ ಬೆಳಕು ಮುಂದಿನ ಸಾಲಿನ ಪ್ರೇಕ್ಷಕರಿಗೆ ಕಾಣುತ್ತದೆ, ಕರೆ ಬಂದರೆ ಪುಟ ಮರೆಯಾಗುತ್ತದೆ, ತಾಲೀಮಿನಲ್ಲಿ ಅವಸರದಿಂದ ಸೀಸದ ಕಡ್ಡಿಯಲ್ಲಿ ಬಾಣ ಎಳೆದು ಅಳಿಸಿದಷ್ಟು ಸುಲಭವಾಗಿ ಅದರಲ್ಲಿ ಬರೆಯಲಾಗುವುದಿಲ್ಲ. ಬಲಪುಟದಲ್ಲಿ ನಾಟಕದ ಪಠ್ಯ, ಎಡಪುಟ ಪೂರ್ತಿ ಖಾಲಿ, ನೀಲಿ ಜಿಲೆಟಿನ್ ಕಾಗದ ಸುತ್ತಿದ ಸಣ್ಣ ಟಾರ್ಚು: ಇಷ್ಟು ಸಾಕಾಗುತ್ತದೆ. ತಾಲೀಮಿನಲ್ಲಿ ಆದ ಬದಲಾವಣೆಯನ್ನು ಮರುದಿನವೇ ಕಂಪ್ಯೂಟರಿನ ಪ್ರತಿಗೂ ಏರಿಸುವ ಶಿಸ್ತು ಇದ್ದರೆ ಎರಡೂ ಕೂಡಿ ನಡೆಯುತ್ತವೆ.

ಇನ್ನು ಕ್ಯೂಗಳ ಸಂಖ್ಯೆ. ಬೆಳಕಿನ ಕ್ಯೂಗಳನ್ನು 10, 20, 30 ಎಂದು ಹತ್ತರ ಅಂತರದಲ್ಲಿ ಬರೆದರೆ, ನಿರ್ದೇಶಕರು ಕೊನೆಯ ತಾಲೀಮಿನಲ್ಲಿ ಸೇರಿಸುವ ಬದಲಾವಣೆಗೆ 15 ಎಂಬ ಜಾಗ ಸಿಗುತ್ತದೆ, ಹಿಂದಿನದನ್ನೆಲ್ಲ ತಿದ್ದಬೇಕಾಗಿಲ್ಲ. ಧ್ವನಿಗೂ ಬೆಳಕಿಗೂ ಒಂದೇ ಸಂಖ್ಯೆ ಬಂದರೆ ಗೊಂದಲವಾಗುವುದರಿಂದ ಧ್ವನಿಯ ಕ್ಯೂಗಳನ್ನು ನಾವು 500ರಿಂದ ಆರಂಭಿಸುತ್ತೇವೆ. ಕ್ಯೂ ಕೊಡುವಾಗ ಮೊದಲು ‘ಬೆಳಕು ಇಪ್ಪತ್ತು, ಸ್ಟ್ಯಾಂಡ್‌ಬೈ’ ಎಂದು ಎಚ್ಚರಿಸಿ, ಅತ್ತಲಿಂದ ‘ಸಿದ್ಧ’ ಎಂಬ ಉತ್ತರ ಬಂದ ಮೇಲೆ, ಸರಿಯಾದ ಕ್ಷಣದಲ್ಲಿ ‘ಬೆಳಕು ಇಪ್ಪತ್ತು, ಗೋ’ ಎನ್ನಬೇಕು. ‘ಗೋ’ ಯಾವಾಗಲೂ ಕೊನೆಯಲ್ಲಿ ಬರಬೇಕು, ಏಕೆಂದರೆ ಬೆರಳು ಒತ್ತುವುದು ಆ ಶಬ್ದಕ್ಕೆ; ಬೇರೆ ಯಾವ ಮಾತಿನಲ್ಲೂ ಅದನ್ನು ಬಳಸಬಾರದು. ಹದಿನಾಲ್ಕು, ಹದಿನಾರುಗಳು ವಾಕಿಟಾಕಿಯಲ್ಲಿ ಒಂದೇ ರೀತಿ ಕೇಳುವುದರಿಂದ ಅಂಥವನ್ನು ‘ಒಂದು ನಾಲ್ಕು’, ‘ಒಂದು ಆರು’ ಎಂದು ಬಿಡಿಸಿ ಹೇಳುತ್ತೇವೆ.

ಈ ಪದ್ಧತಿ ಪರದೇಶದ್ದೆಂದು ಕೆಲವರು ಮೂಗು ಮುರಿಯುವುದುಂಟು. ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ರಾತ್ರಿಯಿಡೀ ನಡೆಯುವ ಕುರುಕ್ಷೇತ್ರದಂಥ ಪೌರಾಣಿಕ ನಾಟಕಗಳನ್ನು ಗಮನಿಸಿ ನೋಡಿದವರು ಹಾಗೆ ಹೇಳಲಾರರು. ಅಲ್ಲಿ ಹಾರ್ಮೋನಿಯಂ ಮೇಷ್ಟ್ರು ವೇದಿಕೆಗೆ ಮುಖಮಾಡಿ ಕುಳಿತು, ಶ್ರುತಿ ಹಿಡಿದು, ಮಾತು ಮರೆತವರಿಗೆ ಮಾತು ಎತ್ತಿಕೊಟ್ಟು, ಹಾಡು ಎಲ್ಲಿ ನಿಲ್ಲಬೇಕು, ಪರದೆ ಯಾವಾಗ ಬೀಳಬೇಕು ಎಂಬುದನ್ನು ಕಣ್ಸನ್ನೆಯಲ್ಲೇ ನಡೆಸುತ್ತಾರೆ. ‘ಮೇಷ್ಟ್ರೇ, ಈಗ ಬಿಡಲಾ?’ ಎಂದು ಪರದೆಯವನು ಕತ್ತು ಚಾಚಿದರೆ ತಲೆಯಾಡಿಸುವ ಅಧಿಕಾರ ಅವರೊಬ್ಬರದೇ. ಆಧುನಿಕ ನಾಟಕದಲ್ಲಿ ಸಂಗೀತದವರು ಪಕ್ಕಕ್ಕೆ ಸರಿದುದರಿಂದ ಆ ಅಧಿಕಾರ ಸೈಡ್‌ವಿಂಗಿನಲ್ಲಿ ಪುಸ್ತಕ ಹಿಡಿದವರ ಕೈಗೆ ಬಂದಿದೆ. ಅದನ್ನು ನಿರ್ದೇಶಕ, ಬೆಳಕಿನ ವಿನ್ಯಾಸಕಾರ, ಹಿರಿಯ ನಟ ಎಂದು ಮೂವರು ಹಂಚಿಕೊಂಡ ಪ್ರದರ್ಶನಗಳಲ್ಲಿ ಸಲಕರಣೆ ಎಷ್ಟು ಒಳ್ಳೆಯದಿದ್ದರೂ ಫಲವಿಲ್ಲ.

ಬೆಳಕಿಗೆ ಬಾಡಿಗೆಯವರು ತರುವುದು ಹೆಚ್ಚಾಗಿ 192 ಚಾನೆಲ್‌ಗಳ ಸಣ್ಣ ಡಿಎಂಎಕ್ಸ್ ಬೋರ್ಡು, ಎಂದರೆ ತಂತಿಯಲ್ಲಿ ಸಂಕೇತ ಕಳುಹಿಸಿ ದೀಪಗಳನ್ನು ನಿಯಂತ್ರಿಸುವ ಫಲಕ. ಅದರಲ್ಲಿ 30 ಬ್ಯಾಂಕುಗಳಿದ್ದು ಪ್ರತಿಯೊಂದರಲ್ಲಿ 8 ಬೆಳಕಿನ ದೃಶ್ಯಗಳಂತೆ (ಯಾವ ದೀಪ ಎಷ್ಟು ಬೆಳಗಬೇಕೆಂಬ ಜೋಡಣೆ) 240 ದೃಶ್ಯಗಳನ್ನು ಉಳಿಸಿಡಬಹುದು. ಇಷ್ಟು ನಮ್ಮಂಥವರಿಗೆ ಧಾರಾಳ. ನಾನು ಪುಸ್ತಕದಲ್ಲಿ ಕ್ಯೂ ಸಂಖ್ಯೆಯ ಪಕ್ಕದಲ್ಲಿ ಬ್ಯಾಂಕು ಮತ್ತು ಗುಂಡಿಯ ಸಂಖ್ಯೆಯನ್ನು ಅಂದಂದಿಗೆ ಸೀಸದ ಕಡ್ಡಿಯಲ್ಲಿ ಬರೆದುಕೊಳ್ಳುತ್ತೇನೆ. ಮುಂದಿನ ಊರಿನಲ್ಲಿ ಅದನ್ನು ಅಳಿಸಿ ಬೇರೆ ಬರೆಯುತ್ತೇನೆ. ಕ್ಯೂ ಸಂಖ್ಯೆ ಮಾತ್ರ ಶಾಯಿಯದು. ಡಿಎಂಎಕ್ಸ್ ಸಂಕೇತ ಸಾಲಾಗಿ ನಿಂತವರು ಕೊಡ ದಾಟಿಸಿದಂತೆ ಒಂದು ದೀಪದಿಂದ ಇನ್ನೊಂದಕ್ಕೆ ಹೋಗುವುದರಿಂದ ನಡುವಿನ ಒಂದು ತಂತಿ ಸಡಿಲವಾದರೂ ಅದರಾಚೆಯ ದೀಪಗಳೆಲ್ಲ ಮಾತು ಕೇಳುವುದಿಲ್ಲ. ಸಾಲಿನ ಕೊನೆಯ ದೀಪಕ್ಕೆ 120 ಓಮ್‌ನ ಟರ್ಮಿನೇಟರ್ ಎಂಬ ಸಣ್ಣ ಮುಚ್ಚಳ ಹಾಕದೆ, ಮೈಕಿನ ತಂತಿಯನ್ನೇ ಉದ್ದಕ್ಕೆ ಎಳೆದರೆ ದೀಪಗಳು ತಮಗೆ ತಾವೇ ಮಿಣುಕುವುದುಂಟು. ದೋಷವನ್ನು ಬೋರ್ಡಿನಲ್ಲಿ ಹುಡುಕುತ್ತ ಕೂರುವವರು ಮೊದಲು ಈ ಸಣ್ಣ ಮುಚ್ಚಳವಿದೆಯೇ ಎಂದು ನೋಡುವುದು ಒಳ್ಳೆಯದು. ಅದರ ಬೆಲೆ ಅಲ್ಪ, ಒಂದನ್ನು ನಮ್ಮ ಪೆಟ್ಟಿಗೆಯಲ್ಲೇ ಇಟ್ಟುಕೊಂಡಿದ್ದೇವೆ.

ಧ್ವನಿಯ ವಿಷಯ ಇನ್ನೂ ಸೂಕ್ಷ್ಮ. ಕ್ಯೂಗೆ ತಕ್ಕಂತೆ ಧ್ವನಿ ನುಡಿಸಲು ರಂಗಭೂಮಿಯವರು ಹೊಗಳುವ ಕ್ಯೂಲ್ಯಾಬ್ ತಂತ್ರಾಂಶ ಆ್ಯಪಲ್‌ನ ಮ್ಯಾಕ್ ಕಂಪ್ಯೂಟರುಗಳಲ್ಲಿ ಮಾತ್ರ ನಡೆಯುತ್ತದೆ. ನಮ್ಮ ಕೈಯಲ್ಲಿರುವುದು ತಂಡದ ಯಾರದಾದರೂ ವಿಂಡೋಸ್ ಲ್ಯಾಪ್‌ಟಾಪ್. ಲಿನಕ್ಸ್ ಬಳಸುವವರಿಗೆ ಲಿನಕ್ಸ್ ಶೋ ಪ್ಲೇಯರ್ ಎಂಬ ಉಚಿತ ತಂತ್ರಾಂಶವಿದೆ. ಯಾವುದೂ ಇಲ್ಲದಿದ್ದರೂ ನಡೆಯುವಂತೆ ನಾವು ಪ್ರತಿಯೊಂದು ಧ್ವನಿಯನ್ನೂ ಬೇರೆ ಬೇರೆ ಕಡತವಾಗಿಸಿ, ಹೆಸರಿನ ಆರಂಭದಲ್ಲಿ ಮೂರಂಕಿಯ ಕ್ಯೂ ಸಂಖ್ಯೆ ಹಾಕುತ್ತೇವೆ. ಅದೇ ಕಡತಗಳನ್ನು ಪೆನ್‌ಡ್ರೈವಿಗೂ ಹಾಕಿಟ್ಟರೆ ಲ್ಯಾಪ್‌ಟಾಪ್ ಕೈಕೊಟ್ಟಾಗ ಮಿಕ್ಸರಿನ ಯುಎಸ್‌ಬಿ ಕಿಂಡಿಯಿಂದಲೇ ಕ್ರಮವಾಗಿ ನುಡಿಸಬಹುದು. ಎಂಪಿ3 ರೂಪದಲ್ಲಿ ಧ್ವನಿಯ ಮೊದಲಿಗೆ ಕ್ಷಣಾರ್ಧದ ನಿಶ್ಶಬ್ದ ಸೇರಿಕೊಳ್ಳುವುದರಿಂದ, ಗುಂಡಿನ ಸದ್ದು, ಬಾಗಿಲು ಬಡಿತ ಮೊದಲಾದವನ್ನು ಆಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶದಲ್ಲಿ ಮುಂಭಾಗ ಕತ್ತರಿಸಿ ವೇವ್ ಕಡತವಾಗಿ ಉಳಿಸುವುದು ಉತ್ತಮ. ಬ್ಲೂಟೂತ್ ಸಂಪರ್ಕವನ್ನು ಪ್ರದರ್ಶನದಲ್ಲಿ ಬಳಸಲೇಬಾರದು. ಧ್ವನಿ ಸೆಕೆಂಡಿನ ಹತ್ತನೆಯ ಒಂದು ಭಾಗವೋ ಅದಕ್ಕಿಂತ ಹೆಚ್ಚೋ ತಡವಾಗಿ ಬರುವುದಲ್ಲದೆ, ಸ್ವಲ್ಪ ಹೊತ್ತು ಸದ್ದಿಲ್ಲದಿದ್ದರೆ ಕೆಲವು ಸ್ಪೀಕರುಗಳು ನಿದ್ರೆಗೆ ಜಾರಿ ಮುಂದಿನ ಧ್ವನಿಯ ಆರಂಭವನ್ನು ನುಂಗುತ್ತವೆ. ತಂತಿಯಲ್ಲಿ ಜೋಡಿಸಿದಾಗ ಕೇಳುವ ‘ಗುಂಯ್’ ಎಂಬ ಸದ್ದು ಬಹುಮಟ್ಟಿಗೆ ಲ್ಯಾಪ್‌ಟಾಪಿನ ಚಾರ್ಜರಿನ ಮೂಲಕ ಬರುವಂಥದು. ಚಾರ್ಜರ್ ಕಿತ್ತು ನೋಡಿದರೆ ತಿಳಿಯುತ್ತದೆ. ಲ್ಯಾಪ್‌ಟಾಪಿಗೂ ಮಿಕ್ಸರಿಗೂ ನಡುವೆ ಡಿಐ ಬಾಕ್ಸ್ ಎಂಬ, ಧ್ವನಿಯ ಸಂಕೇತವನ್ನಷ್ಟೇ ದಾಟಿಸುವ ಸಣ್ಣ ಪೆಟ್ಟಿಗೆ ಹಾಕಿದರೆ ಅದು ಬಹುಮಟ್ಟಿಗೆ ನಿಲ್ಲುತ್ತದೆ. ವಿಮಾನ ಮೋಡ್, ಸೂಚನೆಗಳ ಸದ್ದು ಬಂದ್, ವಿಂಡೋಸ್ ಅಪ್‌ಡೇಟ್ ತಡೆ, ಇವನ್ನು ಮೊದಲ ಬೆಲ್ಲಿಗೆ ಮುಂಚೆ ನಾನೇ ಹೋಗಿ ನೋಡುತ್ತೇನೆ.

ಮಲೆನಾಡಿನಲ್ಲಿ ಮಳೆಗಾಲದ ಪ್ರದರ್ಶನಕ್ಕೆ ಇನ್ನೊಂದು ಏರ್ಪಾಡು ಬೇಕು. ಸಕಲೇಶಪುರ, ಮೂಡಿಗೆರೆ ಕಡೆಯ ಸಭಾಂಗಣಗಳಲ್ಲಿ ಶೀಟಿನ ಛಾವಣಿಯ ಮೇಲೆ ಮಳೆ ಹಿಡಿದರೆ ಕೊಳಲಿನ ಮೆಲುದನಿ ಮೂರನೆಯ ಸಾಲಿಗೂ ತಲುಪುವುದಿಲ್ಲ. ಆದುದರಿಂದ ಧ್ವನಿಯ ಪಟ್ಟಿಯಲ್ಲಿ ಪ್ರತಿ ಕ್ಯೂಗೆ ಒಣ ದಿನದ ಮಟ್ಟ, ಮಳೆಯ ಮಟ್ಟ ಎಂದು ಎರಡು ಕಾಲಂಗಳಿವೆ. ಕೇವಲ ವಾತಾವರಣಕ್ಕೆಂದು ಇರುವ ಕೆಲವು ಧ್ವನಿಗಳನ್ನು ಮಳೆಯ ದಿನ ಕೈಬಿಡುತ್ತೇವೆ, ಏಕೆಂದರೆ ಜೋರು ಮಾಡಿದರೆ ಅವು ಕಿರುಚಿದಂತಾಗುತ್ತವೆ.

ಸೈಡ್‌ವಿಂಗಿನಿಂದ ಸಭಾಂಗಣದ ಹಿಂದಿರುವ ಬೋರ್ಡಿಗೆ ಮಾತು ತಲುಪಿಸುವುದು ಹೇಗೆ? ತಂತಿಯ ಹೆಡ್‌ಸೆಟ್ ವ್ಯವಸ್ಥೆಯೇ ಎಲ್ಲಕ್ಕಿಂತ ಮೇಲು, ಆದರೆ ಅದು ನಮಗೆ ಸಿಗುವುದು ಅಪರೂಪ. ಮೊಬೈಲ್ ಕರೆಯನ್ನು ತೆರೆದಿಟ್ಟುಕೊಂಡು ಕ್ಯೂ ಕೊಡುವವರನ್ನು ನೋಡಿದ್ದೇನೆ. ಮಾತು ತಡವಾಗಿ ಕೇಳುವುದು ಒಂದು ತೊಂದರೆ, ಘಟ್ಟದ ಅಂಚಿನ ಊರುಗಳಲ್ಲಿ ನೆಟ್‌ವರ್ಕ್ ಇಲ್ಲದಿರುವುದು ಇನ್ನೊಂದು. ವಾಕಿಟಾಕಿ ಕೊಳ್ಳುವವರು ಪರವಾನಗಿ ಬೇಕಿಲ್ಲದ 446.0ರಿಂದ 446.2 ಮೆಗಾಹರ್ಟ್ಸ್‌ನೊಳಗೆ ಕಡಿಮೆ ಶಕ್ತಿಯಲ್ಲಿ ಕೆಲಸ ಮಾಡುವಂಥದನ್ನೇ ನೋಡಿ ಕೊಳ್ಳಬೇಕು. ಇಯರ್‌ಫೋನ್ ಇಲ್ಲದ ವಾಕಿಟಾಕಿ ರಂಗದ ಹಿಂದೆ ಉಪದ್ರವವೇ ಸರಿ. ಗುಂಡಿ ಒತ್ತಿ ಅರೆಕ್ಷಣ ತಡೆದು ಮಾತನಾಡದಿದ್ದರೆ ಮೊದಲ ಅಕ್ಷರ ಕತ್ತರಿಸಿಹೋಗುತ್ತದೆ.

ಇವೆಲ್ಲಕ್ಕಿಂತ ನನಗೆ ಪ್ರಿಯವಾದುದು ಕ್ಯೂ ಲೈಟ್. 12 ವೋಲ್ಟಿನ ಅಡಾಪ್ಟರ್, ಎರಡು ಸ್ವಿಚ್ಚು, ಉದ್ದನೆಯ ತೆಳು ತಂತಿ, ಕೆಂಪು ಮತ್ತು ಹಸಿರು ಎಲ್‌ಇಡಿ: ಇದನ್ನು ಊರಿನ ಯಾವ ಎಲೆಕ್ಟ್ರಿಕಲ್ ಅಂಗಡಿಯ ಸಾಮಾನಿನಿಂದಲೂ ಮಾಡಿಕೊಳ್ಳಬಹುದು. ಕೆಂಪು ಬಂದರೆ ಸಿದ್ಧ, ಹಸಿರು ಬಂದರೆ ಗೋ. ಒಂದೇ ದೀಪ ಹೊತ್ತಿದರೆ ಸಿದ್ಧ, ಆರಿದರೆ ಗೋ ಎಂಬ ಪದ್ಧತಿಯೂ ಇದೆ. ಆದರೆ ಅದರಲ್ಲಿ ತಂತಿ ಕಿತ್ತುಬಂದರೂ ಅದು ‘ಗೋ’ ಎಂದೇ ಅರ್ಥವಾಗುವುದರಿಂದ ನಮ್ಮಲ್ಲಿ ಎರಡು ದೀಪಗಳದ್ದನ್ನೇ ಉಳಿಸಿಕೊಂಡಿದ್ದೇವೆ. ವೇದಿಕೆಯ ಎದುರು ಬದಿಯಿಂದ ಪ್ರವೇಶಿಸಬೇಕಾದ ನಟರಿಗೂ ಇದು ಅನುಕೂಲ, ಅವರ ಕಿವಿಗೆ ಏನನ್ನೂ ಸಿಕ್ಕಿಸಬೇಕಾಗಿಲ್ಲ.

ವಿದ್ಯುತ್ತಿನ ಲೆಕ್ಕ ಬೆಳಕಿನವರದೆಂದು ಬಿಟ್ಟುಬಿಡುವುದು ವಾಡಿಕೆ. ಆದರೆ 1000 ವ್ಯಾಟಿನ ಹ್ಯಾಲೊಜನ್ ದೀಪವೊಂದು 230 ವೋಲ್ಟಿನಲ್ಲಿ 4.3 ಆಂಪಿಯರಿಗಿಂತ ತುಸು ಹೆಚ್ಚು ಎಳೆಯುತ್ತದೆ, ಎಂದರೆ 15 ಆಂಪಿಯರಿನ ಸಾಕೆಟ್ಟಿಗೆ ಮೂರೇ ದೀಪ ಎಂಬುದು ರಂಗ ನಿರ್ವಾಹಕರಿಗೆ ಬಾಯಿಪಾಠವಿರಬೇಕು. ಮೂರು ದೀಪ ಉರಿಯುತ್ತಿರುವ ಅದೇ ಲೈನಿನಲ್ಲಿ ಪ್ರಸಾಧನ ಕೋಣೆಯವರು ಪಂಚೆಗೆ ಇಸ್ತ್ರಿ ಹಾಕಲು ಹೊರಟರೆ ಟ್ರಿಪ್ಪಾಗುವುದು ಖಚಿತ. ಹೊಗೆ ಯಂತ್ರದ ಹೀಟರೂ ಹಾಗೆಯೇ, ತನಗೆ ಬೇಕೆನಿಸಿದಾಗ ಹೊತ್ತಿಕೊಳ್ಳುತ್ತದೆ. ಕರೆಂಟು ಹೋದಾಗ ಜನರೇಟರಿಗೆ ಬದಲಾಗುವವರೆಗಿನ ಹೊತ್ತನ್ನು ದಾಟಿಸಲು ಕಂಪ್ಯೂಟರಿನ ಸಣ್ಣ ಯುಪಿಎಸ್ ಒಂದರಿಂದ ಮಿಕ್ಸರನ್ನೂ ಬೆಳಕಿನ ಬೋರ್ಡನ್ನೂ ಉಳಿಸಿಕೊಳ್ಳಬಹುದು. ಪ್ರೊಜೆಕ್ಟರಿದ್ದರೆ ಅದಕ್ಕೂ ಯುಪಿಎಸ್ ಕೊಡಬೇಕು, ಏಕೆಂದರೆ ಬಲ್ಬಿನ ಪ್ರೊಜೆಕ್ಟರು ತಣಿದು ಮತ್ತೆ ಬೆಳಗಲು ನಿಮಿಷಗಳೇ ಹಿಡಿಯುತ್ತವೆ. ದೀಪಗಳನ್ನೇ ಉಳಿಸುವಷ್ಟು ಶಕ್ತಿ ಇಂಥ ಯುಪಿಎಸ್ಸಿಗೆ ಇಲ್ಲ. ಅದಕ್ಕೆ ರೀಚಾರ್ಜ್ ಲ್ಯಾಂಪನ್ನು ಸೈಡ್‌ವಿಂಗಿನಲ್ಲಿ ಇಟ್ಟುಕೊಂಡು, ನಟರು ಇದ್ದಲ್ಲೇ ನಿಲ್ಲಬೇಕೆಂದು ತಾಲೀಮಿನಲ್ಲೇ ಹೇಳಿರುತ್ತೇವೆ.

ರಂಗಸಜ್ಜಿಕೆಯ ಗುರುತುಗಳಿಗೆ ಟೇಪು ಹಿಡಿದು ಅಳೆಯುವುದೇ ಸರಿ. ಪರದೆಯ ಚೌಕಟ್ಟಿನ ಎರಡು ಕಂಬಗಳಿಂದ ಒಂದು ಬಿಂದುವಿಗೆ ಇರುವ ದೂರ ಬರೆದಿಟ್ಟರೆ, ಅಷ್ಟೇ ಅಗಲದ ಬೇರೆ ವೇದಿಕೆಯಲ್ಲಿ ಎರಡು ಟೇಪುಗಳು ಕೂಡುವ ಜಾಗದಲ್ಲಿ ಕುರ್ಚಿ ಇಡಬಹುದು; ಅಗಲ ಬೇರೆಯಾದರೆ ನಡುಗೆರೆಯಿಂದ ಅಳೆಯುತ್ತೇವೆ. ತೇವದ ನೆಲಕ್ಕೆ ಟೇಪು ಅಂಟುವುದಿಲ್ಲವಾದ್ದರಿಂದ ಸೀಮೆಸುಣ್ಣವೂ ಇರಬೇಕು. ಪರಿಕರಗಳ ಮೇಜಿನ ಮೇಲೆ ಕಂದು ಕಾಗದ ಹಾಸಿ ಪ್ರತಿ ವಸ್ತುವಿನ ಸುತ್ತ ಗೆರೆ ಎಳೆದು ಹೆಸರು ಬರೆದರೆ, ಖಾಲಿ ಗೆರೆಯೇ ಏನು ಕಾಣೆಯಾಗಿದೆ ಎಂದು ಹೇಳುತ್ತದೆ. ಮೊದಲ ಬೆಲ್ಲಿಗೂ ವಿರಾಮದ ಕೊನೆಗೂ ಆ ಮೇಜಿನ ಫೋಟೊ ತೆಗೆಯುತ್ತೇನೆ.

ವಾಟ್ಸ್‌ಆ್ಯಪ್ ಗುಂಪಿನ ಬಗ್ಗೆ ನನಗೆ ಅಷ್ಟು ಒಳ್ಳೆಯ ಅಭಿಪ್ರಾಯವಿಲ್ಲ. ಶುಭೋದಯದ ಗುಲಾಬಿಗಳ ನಡುವೆ ತಾಲೀಮಿನ ಸಮಯ ಹೂತುಹೋಗುತ್ತದೆ. ಅದಕ್ಕಾಗಿ ಸೂಚನೆಗಳಿಗೆಂದೇ ಬೇರೆ ಗುಂಪು ಮಾಡಿ, ಅದರಲ್ಲಿ ಬರೆಯುವ ಅವಕಾಶ ಅಡ್ಮಿನ್‌ಗಳಿಗೆ ಮಾತ್ರ ಇಟ್ಟು, ದಿನಕ್ಕೊಂದೇ ಸಂದೇಶ ಹಾಕಿ ಅದನ್ನೇ ಪಿನ್ ಮಾಡುತ್ತೇವೆ. ಧ್ವನಿ ಸಂದೇಶ ನಿಷಿದ್ಧ, ಏಕೆಂದರೆ ಅದರಲ್ಲಿ ಸಮಯವನ್ನು ಹುಡುಕಲಾಗುವುದಿಲ್ಲ. ಪ್ರದರ್ಶನ ಮುಗಿದ ರಾತ್ರಿಯೇ ಅದೇ ಗುಂಪಿಗೆ ವರದಿ ಹೋಗುತ್ತದೆ: ಪ್ರತಿ ದೃಶ್ಯ ಎಷ್ಟು ನಿಮಿಷ ನಡೆಯಿತು, ಯಾವ ಕ್ಯೂ ತಡವಾಯಿತು, ಯಾವ ಪರಿಕರ ಮುರಿಯಿತು, ಯಾರು ರಿಪೇರಿ ಮಾಡಿಸಬೇಕು. ಒಂದು ದೃಶ್ಯ ಎರಡು ನಿಮಿಷ ಹಿಗ್ಗಿದ್ದರೆ ಕಾರಣವನ್ನು ನಾನು ಬರೆಯುವುದಿಲ್ಲ. ಅದು ನಿರ್ದೇಶಕರಿಗೂ ನಟರಿಗೂ ಬಿಟ್ಟ ವಿಷಯ. ಚಿಕ್ಕಮಗಳೂರಿನಿಂದ ಬೇಲೂರಿನ ಮೇಲೆ ಹಾಸನಕ್ಕೆ ಬರುವ ವ್ಯಾನಿನಲ್ಲಿ ವರದಿ ಬರೆದು ಮುಗಿಸಲು ಸಮಯ ಸಾಕಾಗುತ್ತದೆ.