ಕಲಿಸುವವರು ಯಾರು, ಕಲಿಯುವವರು ಯಾರು?

ಯುವಜನರನ್ನೂ ಹಿರಿಯರನ್ನೂ ಒಂದೆಡೆ ಸೇರಿಸುವ ಕಾರ್ಯಕ್ರಮವೆಂದರೆ ವರ್ಷಕ್ಕೊಮ್ಮೆ ವೃದ್ಧಾಶ್ರಮಕ್ಕೆ ಹೋಗಿ, ನಾಲ್ಕು ಹಾಡು ಹೇಳಿ, ಫೋಟೊ ತೆಗೆಸಿಕೊಂಡು ಮರಳುವುದು ಎಂದೇ ನಾನು ಬಹುಕಾಲ ತಿಳಿದಿದ್ದೆ. ಹಿರಿಯರಿಗೆ ಮೊಬೈಲ್ ಬಳಕೆ ಹೇಳಿಕೊಡುವ ತರಗತಿಯೊಂದರಲ್ಲಿ ಕೆಲವು ತಿಂಗಳು ಸ್ವಯಂಸೇವಕನಾಗಿ ದುಡಿದ ಮೇಲೆ ಆ ತಿಳಿವಳಿಕೆ ಬದಲಾಯಿತು. ಮೊದಲ ವಾರಗಳಲ್ಲಿ ನಾವು ಕಲಿಸುವವರು, ಅವರು ಕಲಿಯುವವರು ಎಂಬ ಗೆರೆ ಸ್ಪಷ್ಟವಾಗಿತ್ತು. ನಿವೃತ್ತ ಲೆಕ್ಕಿಗರೊಬ್ಬರು ನಮ್ಮಲ್ಲಿದ್ದ ಹುಡುಗನೊಬ್ಬನಿಗೆ ಸಾಲದ ಬಡ್ಡಿಯ ಲೆಕ್ಕವನ್ನು ಬಿಡಿಸಿ ತೋರಿಸಿದ ದಿನ ಆ ಗೆರೆ ಅಳಿಸಿಹೋಯಿತು, ತರಗತಿಯೂ ಆಮೇಲೆಯೇ ಕಳೆಗಟ್ಟಿತು.

ನೆದರ್‌ಲ್ಯಾಂಡ್ಸ್‌ನ ಡೆವೆಂಟರ್ ನಗರದಲ್ಲಿರುವ ಹ್ಯುಮಾನಿಟಾಸ್ ಎಂಬ ಹಿರಿಯರ ವಸತಿಗೃಹ ಈ ವಿಚಾರವನ್ನು ಇನ್ನೂ ಮುಂದಕ್ಕೆ ಒಯ್ದಿದೆ. ಅಲ್ಲಿ ಕೆಲವು ವಿದ್ಯಾರ್ಥಿಗಳು ಬಾಡಿಗೆಯಿಲ್ಲದೆ ವಾಸಿಸುತ್ತಾರೆ. ಪ್ರತಿಯಾಗಿ ತಿಂಗಳಿಗೆ 30 ಗಂಟೆ ಹಿರಿಯರಿಗೆ ಒಳ್ಳೆಯ ನೆರೆಯವರಾಗಿರಬೇಕು. ಶುಶ್ರೂಷೆಯನ್ನು ಸಿಬ್ಬಂದಿಯೇ ನೋಡಿಕೊಳ್ಳುವುದರಿಂದ ವಿದ್ಯಾರ್ಥಿಗಳ ಪಾಲಿಗೆ ಉಳಿಯುವುದು ಹರಟೆ, ಒಟ್ಟಿಗೆ ಊಟ, ಜೊತೆಗೊಂದು ನಡಿಗೆ. ಒಪ್ಪಂದದಿಂದ ಸ್ನೇಹ ಹುಟ್ಟೀತೇ ಎಂದು ಯಾರಾದರೂ ಕೇಳಬಹುದು (ನಾನೂ ಕೇಳಿದ್ದೆ). ಒಪ್ಪಂದವು ಸ್ನೇಹವನ್ನು ಹುಟ್ಟಿಸಲಾರದು, ಆದರೆ ಇಬ್ಬರೂ ಮತ್ತೆ ಮತ್ತೆ ಎದುರಾಗುವಂತೆ ಮಾಡುತ್ತದೆ, ಉಳಿದುದು ಅವರವರಿಗೆ ಬಿಟ್ಟದ್ದು.

ಇಂಥ ಪ್ರಯತ್ನಗಳು ಸೋಲುವುದು ಸಾಮಾನ್ಯವಾಗಿ ಸಣ್ಣ ಕಾರಣಗಳಿಗೆ: ಪರೀಕ್ಷೆ ಹತ್ತಿರವಾದೊಡನೆ ಯುವಕರು ನಾಪತ್ತೆಯಾಗುತ್ತಾರೆ, ಸಂಜೆಯ ಸಮಯ ಹಿರಿಯರಿಗೆ ಒಗ್ಗುವುದಿಲ್ಲ, ಗದ್ದಲದ ಸಭಾಂಗಣದಲ್ಲಿ ಕಿವಿ ಮಂದವಾದವರಿಗೆ ಏನೂ ಕೇಳಿಸುವುದಿಲ್ಲ. ನಮ್ಮ ತರಗತಿಯನ್ನು ಬೆಳಗಿನ ಹೊತ್ತಿಗೆ, ಚಿಕ್ಕ ಕೋಣೆಗೆ ಬದಲಿಸಿದ ಮೇಲೆ, ಬರುವುದನ್ನೇ ನಿಲ್ಲಿಸಿದ್ದ ಮೂವರು ಮತ್ತೆ ಬಂದರು.