ಮಂದ್ರದ ಹುಡುಗಿಗೆ ಹಾಡು ಹುಡುಕುವ ಕಷ್ಟ

ಶಿಕಾಗೋ, ಫೆಬ್ರವರಿ 1, 2025, ಶನಿವಾರ

ಅಕ್ಕನ ಮಗಳು ಕಾಲೇಜಿನ ಮ್ಯೂಸಿಕಲ್ ಥಿಯೇಟರ್, ಅಂದರೆ ಹಾಡು-ನಟನೆ ಸೇರಿದ ನಾಟಕದ ಕೋರ್ಸಿನ ಆಡಿಷನ್‌ಗೆಂದು ಬಂದಿದ್ದಾಳೆ. ಪ್ರತಿ ಚಳಿಗಾಲದಲ್ಲಿ ಹಲವು ಕಾಲೇಜುಗಳು ನ್ಯೂಯಾರ್ಕ್, ಶಿಕಾಗೋದಂಥ ಊರುಗಳಲ್ಲಿ ಒಂದೇ ಕಡೆ ಆಡಿಷನ್ ಇಟ್ಟುಕೊಳ್ಳುತ್ತವೆ. ಯೂನಿಫೈಡ್ಸ್ ಅಂತಾರೆ. ಸಾಕಷ್ಟು ಕಾಲೇಜುಗಳಿಗೆ ಮೊದಲೇ ವಿಡಿಯೋ ಕಳಿಸಿ ಪ್ರೀಸ್ಕ್ರೀನ್ ಅನ್ನೋ ಮೊದಲ ಸುತ್ತು ದಾಟಿರಬೇಕು. ಕೋಣೆಯೊಳಗೆ ಸಿಗೋದು ಕೆಲವೇ ನಿಮಿಷ. ಇಡೀ ಹಾಡು ಹಾಡೋ ಹಾಗಿಲ್ಲ, 16 ಅಥವಾ 32 ಬಾರ್‌ಗಳ (ತಾಳದ ಆವರ್ತದಂಥ ಅಳತೆ) ತುಂಡು ಅಷ್ಟೇ.

ಅವಳ ದನಿ ಪಿಯಾನೋದ ನಡುವಿನ 'ಸಿ' ಸ್ವರಕ್ಕಿಂತ (ಮಿಡ್ಲ್ ಸಿ) ಒಂದು ಸಪ್ತಕ ಕೆಳಗಿನ 'ಸಿ' ಸ್ವರದವರೆಗೆ ಇಳಿಯುತ್ತದೆ. ಹುಡುಗಿಯರಲ್ಲಿ ಇದು ಅಪರೂಪ. ಆದರೆ ಬ್ರಾಡ್ವೇ ಶೈಲಿಯ ನಾಟಕಗಳಲ್ಲಿ ಎಳೆಯ ನಾಯಕಿಗೆ ಸಾಮಾನ್ಯವಾಗಿ ಮೇಲಿನ ಸ್ವರ, ಇಲ್ಲವೇ ಬೆಲ್ಟ್, ಅಂದರೆ ಎದೆದನಿಯನ್ನೇ ಮೇಲಕ್ಕೆ ಒಯ್ದು ಜೋರಾಗಿ ಹಾಡೋದು. ತಗ್ಗಿನ ಹಾಡುಗಳು ಜಾಸ್ತಿ ಸಿಗೋದು ಅಮ್ಮನ ಪಾತ್ರಕ್ಕೆ. ಹದಿನೇಳರ ಹುಡುಗಿ ಐವತ್ತರ ಹೆಂಗಸಿನ ದುಃಖ ಹಾಡಿದರೆ ನಂಬೋದು ಹೇಗೆ?

ಕೆಳಗಿನ ಸ್ವರದಿಂದ ಮೇಲಿನದಕ್ಕೆ ಜಿಗಿಯುವ ತುಂಡನ್ನೇ ಹಾಡು ಅಂತ ಕೆಲವರು ಅವಳಿಗೆ ಹೇಳಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ದನಿ ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ನೋಡಬೇಕಾದರೆ ಆಡಿಷನ್ ನೋಡುವವರೇ ಪಿಯಾನೋದಲ್ಲಿ ಸ್ವರ ಕೊಟ್ಟು ಹಾಡಿಸಬಹುದು, ಅಲ್ವಾ? ಹಾಡಿನಲ್ಲಿ ಅವರಿಗೆ ಪಾತ್ರ ಕಾಣಬೇಕು. ಮಾತು ಸ್ಪಷ್ಟವಾಗಿ ಕೇಳುವ ನಡುವಿನ ಸ್ವರಗಳಲ್ಲಿ ಸಾಗಿ, ಅರ್ಥ ಬೇಡುವ ಕಡೆ ಒಮ್ಮೆ ಮಂದ್ರಕ್ಕೆ ಇಳಿದರೆ ಸಾಕು. ಎರಡನೇ ಹಾಡು ಮೇಲಿನ ದನಿಗೆ ಇರಲಿ. ಶ್ರುತಿ ಬದಲಿಸಿದ್ದರೆ ಆ ಶ್ರುತಿಯಲ್ಲೇ ಬರೆದ ಸ್ವರಲಿಪಿಯ ಶೀಟ್ ಒಯ್ಯಬೇಕು. ಪಿಯಾನೋ ನುಡಿಸುವವರಿಗೆ ಅಲ್ಲೇ ಇಳಿಸಿ ನುಡಿಸಿ ಅನ್ನೋದು ತಪ್ಪು. ಜಾಸ್ತಿ ಇಳಿಸಿದರೆ ಹಾಡಿನ ಕಾವೇ ಹೋಗುತ್ತದೆ, ಅದನ್ನೂ ನೋಡಿಕೊಳ್ಳಬೇಕು.

ರಾತ್ರಿ ಅವಳಿಗೆ ಗಂಗೂಬಾಯಿ ಹಾನಗಲ್ ಅವರನ್ನು ಕೇಳಿಸಿದೆ. ಅವರದು ಮೊದಲು ತೆಳು ದನಿ. ಗಂಟಲಿನ ಚಿಕಿತ್ಸೆಯ ನಂತರ ಗಂಡುದನಿಯಷ್ಟು ಭಾರವಾಯಿತು. ಆ ದನಿಯಲ್ಲೇ ಕಿರಾನಾ ಘರಾನೆಯ ನಿಧಾನದ ಆಲಾಪ ಕಟ್ಟಿದರು. ಎಂಥ ಗಟ್ಟಿ ಮನಸ್ಸು!

"ಚಿಕ್ಕಮ್ಮ, ಇವರಿಗೆ ಕೆಳಗಡೆ ಅವಸರವೇ ಇಲ್ಲ" ಅಂದಳು. ಆಮೇಲೆ ಪೆನ್ಸಿಲ್ ತಗೊಂಡು ತನ್ನ ಶೀಟ್‌ನಲ್ಲಿ ಮಂದ್ರಕ್ಕೆ ಇಳಿಯುವ ಸಾಲಿಗೆ ಮೊದಲು ಉಸಿರು ತಗೊಳ್ಳುವ ಗುರುತು ಹಾಕಿದಳು. ಹಾಡಿದಾಗ ಆ ಸಾಲು ನಿಂತಿತು.

ನಾಳೆ ಒಂಬತ್ತಕ್ಕೆ ಮೊದಲ ಕಾಲೇಜು. ಬೆಳಿಗ್ಗೆ ದನಿ ಇನ್ನೂ ತಗ್ಗಿರುತ್ತದೆ. ಎರಡನೇ ಹಾಡಿಗೆ ಗಂಟಲು ಹದವಾಗಬೇಕಲ್ಲ, ಆರಕ್ಕೇ ಎಬ್ಬಿಸುತ್ತೇನೆ.