ಬ್ಯಾಟರಿಗೆ ಕೈ ಹಾಕುವ ಮೊದಲು

ಮಂಗಳೂರು ಬೈಕಂಪಾಡಿಯ ಗುಜರಿಯಿಂದ ತಂದ ಎಚ್‌ಪಿ 3478ಎ ಮಲ್ಟಿಮೀಟರ್ ಈಗಲೂ ನಮ್ಮ ಬೆಂಚಿನ ಮೂಲೆಯಲ್ಲಿ ಉಂಟು. ಆನ್ ಮಾಡಿದರೆ ಡಿಸ್‌ಪ್ಲೇಯಲ್ಲಿ ಒಂದೇ ಮಾತು: ಅನ್‌ಕ್ಯಾಲಿಬ್ರೇಟೆಡ್. ಅಂದರೆ ಅಳತೆ ತಿದ್ದುವ ಅಂಕೆಗಳೆಲ್ಲ ಅಳಿಸಿಹೋಗಿವೆ. ಬರುವಾಗ ಹಾಗಿರಲಿಲ್ಲ. ಮಾಡಿದ್ದು ನಾನು.

ಕಷ್ಟದ ಕೆಲಸವೆಲ್ಲ ಸರಿಯಾಗಿಯೇ ಆಗಿತ್ತು. ಕರಾವಳಿಯಲ್ಲಿ, ಅದೂ ಮಳೆಗಾಲ ಕಳೆದ ಮೇಲೆ, ಹಳೇ ಸೆಟ್ಟನ್ನು ತಂದ ಕೂಡಲೇ ಪ್ಲಗ್ಗಿಗೆ ಹಾಕಬಾರದು. ಮುಚ್ಚಳ ಬಿಚ್ಚಿ, 60 ವಾಟಿನ ಬಲ್ಬಿನ ಬಿಸಿಯಲ್ಲಿ ಒಂದು ಹಗಲು ಒಂದು ರಾತ್ರಿ ಒಣಗಿಸಬೇಕು. ಆಮೇಲೆ ವೋಲ್ಟೇಜ್ ಸೆಲೆಕ್ಟರ್. ಅಮೆರಿಕದ ಸೆಟ್ 120ರಲ್ಲಿ ಇದ್ದರೆ ನಮ್ಮ 230ಕ್ಕೆ ಅದರ ಕಥೆ ಮುಗಿಯಿತು. ಸೆಲೆಕ್ಟರ್ ತಿರುಗಿಸಿದರೆ ಫ್ಯೂಸೂ ಮೊದಲಿನದ್ದರ ಅರ್ಧದಷ್ಟು ಆಂಪಿನದ್ದು ಬೇಕು. ಮೈನ್ಸ್ ಬದಿಯಲ್ಲಿ ಹಳದಿ ಗಾಜಿನಂಥ ರಿಫಾ ಪೇಪರ್ ಕೆಪಾಸಿಟರ್ ಕಂಡರೆ ಅಳೆಯುತ್ತ ಕೂರಬೇಡಿ, ಕಿತ್ತು ಬಿಸಾಡಿ. ಮೈಯ ಬಿರುಕಿನಲ್ಲಿ ತೇವ ಇಳಿದಿರುತ್ತದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ರೂಮಿಡೀ ಹೊಗೆ. ಅದೇ ಮೌಲ್ಯದ, ಮೈಮೇಲೆ ಬರೆದ ಅದೇ ಸುರಕ್ಷತಾ ವರ್ಗದ (ಎಕ್ಸ್ ಇದ್ದರೆ ಎಕ್ಸ್, ವೈ ಇದ್ದರೆ ವೈ) ಪಾಲಿಪ್ರೊಪಿಲೀನ್ ಹಾಕಿದರಾಯಿತು.

ಪವರ್ ಕೊಡುವ ಮೊದಲು ಪ್ರತಿ ರೇಲಿನಿಂದ, ಅಂದರೆ ಒಳಗಿನ ಸಪ್ಲೈ ಲೈನಿನಿಂದ, ಗ್ರೌಂಡಿಗೆ ಓಮ್ ನೋಡಿ. ಒಂದೆರಡು ಓಮ್ ಬಂದರೆ ಹೆಚ್ಚಾಗಿ ಟ್ಯಾಂಟಲಮ್ ಕೆಪಾಸಿಟರ್ ಶಾರ್ಟ್. ಬೆಂಚ್ ಸಪ್ಲೈಯಿಂದ 1 ವೋಲ್ಟ್, 1 ಆಂಪ್ ಮಿತಿಯಿಟ್ಟು ಕೊಟ್ಟು, ಮಿಲಿವೋಲ್ಟ್ ಎಲ್ಲಿ ಅತಿ ಕಡಿಮೆಯೋ ಅಲ್ಲಿ ಕಳ್ಳ. ಮತ್ತೆ ಮೈನ್ಸಿನ ದಾರಿಯಲ್ಲಿ 100 ವಾಟಿನ ತಂತಿ ಬಲ್ಬ್ ಸೀರೀಸಿನಲ್ಲಿ: ಮಿಂಚಿ ಮಂಕಾದರೆ ಸರಿ, ಉರಿಯುತ್ತಲೇ ಇದ್ದರೆ ಆಫ್. ಎಸ್‌ಎಂಪಿಎಸ್ (ಸ್ವಿಚಿಂಗ್ ಪವರ್ ಸಪ್ಲೈ) ಸೆಟ್ಟುಗಳು ಸೀರೀಸ್ ಬಲ್ಬಿನಲ್ಲಿ ಟಿಕ್ ಟಿಕ್ ಅನ್ನುತ್ತ ಎದ್ದೇಳದೆ ಹೋಗಬಹುದು, ಸತ್ತಿದೆ ಎಂದು ಬರೆಯಬೇಡಿ.

ಮೀಟರ್ ಎದ್ದಿತು, 10 ವೋಲ್ಟ್ ರೆಫರೆನ್ಸಿಗೆ ಚೆನ್ನಾಗಿ ಓದಿತು. ಒಳಗಿನ 3 ವೋಲ್ಟ್ ಲಿಥಿಯಂ ಮಾತ್ರ 2.6. ಇದರ ಕ್ಯಾಲಿಬ್ರೇಷನ್ ಅಂಕೆಗಳೆಲ್ಲ ಆ ಬ್ಯಾಟರಿಯನ್ನೇ ನಂಬಿದ ಪುಟ್ಟ ರ‍್ಯಾಮಿನಲ್ಲಿ. ಬ್ಯಾಟರಿ ತಪ್ಪಿದರೆ ಎಲ್ಲ ಅಳಿದಂತೆ. ಸಂಜೆ ಐದೂವರೆ, ಗಿರಾಕಿ ಬಾಗಿಲಲ್ಲಿ, ಮ್ಯಾನೇಜರ್ "ಎಂತ ಮಾರಾಯ, ಇನ್ನೂ ಆಗ್ಲಿಲ್ವಾ?" ಕೆಪಾಸಿಟರಿನಲ್ಲಿ ಚಾರ್ಜ್ ಉಂಟಲ್ಲ, ಹಳೇ ಸೆಲ್ ಕಿತ್ತು ಹೊಸದು ಹಾಕುವ ಅರ್ಧ ನಿಮಿಷ ತಡೆದೀತು ಅಂದುಕೊಂಡೆ. ಪಾಸಿಟಿವ್ ಕಾಲು ಎದ್ದಿತು. ನೆಗೆಟಿವ್ ಕಾಲು ಅಗಲ ಗ್ರೌಂಡ್ ತಾಮ್ರಕ್ಕೆ ಅಂಟಿಕೊಂಡಿತ್ತು, ಕೈಯಲ್ಲಿ 25 ವಾಟಿನ ಸೋಲ್ಡರಿಂಗ್ ಐರನ್. ಸೀಸ ಮಂಕಾಗುತ್ತದೆ, ಕರಗುವುದಿಲ್ಲ. ಒಂದು ನಿಮಿಷ, ಎರಡು, ನಾಲ್ಕು. ಹೊಸ ಸೆಲ್ ಕೂರಿಸುವಾಗ ಅಂಗೈ ಒದ್ದೆ. ಆನ್ ಮಾಡುವ ಮೊದಲೇ ಗೊತ್ತಿತ್ತು.

ಮಾಡಬೇಕಾದ್ದು ಇಷ್ಟು. ಎರಡು ಎಎ ಸೆಲ್ ಸೇರಿಸಿ 3 ವೋಲ್ಟ್, ಸರಣಿಯಲ್ಲಿ 1 ಕಿಲೋ ಓಮ್, ಹಳೇ ಬ್ಯಾಟರಿಯ ಟ್ರ್ಯಾಕಿಗೆ ಧ್ರುವ ನೋಡಿ ಸಮಾಂತರವಾಗಿ ಹಚ್ಚಬೇಕು. ರ‍್ಯಾಮಿಗೆ ಬೇಕಾದ್ದು ಮೈಕ್ರೋ ಆಂಪ್, ಆ ಓಮಿನಲ್ಲಿ ಏನೂ ಬೀಳುವುದಿಲ್ಲ, ಹಳೇ ಸೆಲ್ಲಿಗೆ ಜೋರಾಗಿ ಚಾರ್ಜೂ ನುಗ್ಗುವುದಿಲ್ಲ. ಮೀಟರಿನ ಮೈನ್ಸ್ ತೆಗೆದಿರಬೇಕು. ಐರನ್ ಕಾಯಿಸಿ, ಅದರ ಪ್ಲಗ್ಗನ್ನೂ ಕಿತ್ತ ಮೇಲೆ ಮುಟ್ಟಬೇಕು, ಇಲ್ಲದಿದ್ದರೆ ತುದಿಯಿಂದ ಅರ್ತಿಗೆ ದಾರಿಯಾಗುತ್ತದೆ. ಅದಕ್ಕೂ ಮೊದಲು ಮೀಟರನ್ನು ಕಂಪ್ಯೂಟರಿಗೆ ಜೋಡಿಸುವ ಜಿಪಿಐಬಿ ಪೋರ್ಟಿನಲ್ಲಿ ಆ ರ‍್ಯಾಮಿನ 256 ಜಾಗವನ್ನೂ ಓದಿ ಫೈಲಿನಲ್ಲಿ ಇಡಬೇಕು. ಅದರ ಅಡಾಪ್ಟರ್ ಬೇಕೆಂದು ಮೂರು ಸಲ ಇಂಡೆಂಟ್ ಹಾಕಿದ್ದೆ, ಪ್ರತಿ ಸಲ "ಮುಂದಿನ ತಿಂಗಳು ನೋಡುವ."

ಡಲ್ಲಾಸ್ ಕಂಪೆನಿಯ ಮೆಮೊರಿ ಚಿಪ್ಪಿನ ಟೆಕ್ಟ್ರಾನಿಕ್ಸ್ ಆಸಿಲೋಸ್ಕೋಪುಗಳಲ್ಲಿ ಬ್ಯಾಟರಿ ಚಿಪ್ಪಿನ ಹೊಟ್ಟೆಯೊಳಗೇ ಇರುವುದರಿಂದ ಚಿಪ್ ಕಿತ್ತು ಪ್ರೋಗ್ರಾಮರಿನಲ್ಲಿ ಓದಬಹುದು. ಅಂಥದ್ದೊಂದು ನಿನ್ನೆ ಬಂದಿದೆ. ಅಡಾಪ್ಟರ್ ಇನ್ನೂ ಬಂದಿಲ್ಲ.